ಹಳೆಯ ಗೀಸರ್ ಬದಲಿಸುವ ಮುನ್ನ: ನೀರಿನಿಂದ ಆರಂಭಿಸಿ ಆಯ್ಕೆ ಮಾಡುವ ಕ್ರಮ

'ಗೀಸರ್ ಕೆಟ್ಟಿದೆ, ಯಾವ ಕಂಪನಿಯದು ತೆಗೆದುಕೊಳ್ಳಲಿ?' ಎಂಬ ಪ್ರಶ್ನೆ ಚಳಿಗಾಲ ಹತ್ತಿರವಾದಂತೆ ಓದುಗರಿಂದ ಮತ್ತೆ ಮತ್ತೆ ಬರುತ್ತದೆ. ಕಂಪನಿಯ ಹೆಸರೊಂದನ್ನು ಹೇಳಿ ಈ ಪ್ರಶ್ನೆಗೆ ಉತ್ತರ ಕೊಡಲಾಗದು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ಹತ್ತು ವರ್ಷ ಬಾಳಿದ ಮಾದರಿಯೇ ಬೋರ್‌ವೆಲ್ ನೀರಿನ ಬಡಾವಣೆಯಲ್ಲಿ ಮೂರು ವರ್ಷಕ್ಕೆ ಸೋರತೊಡಗಬಹುದು. ಆದ್ದರಿಂದ ಆಯ್ಕೆಯನ್ನು ನಿಮ್ಮ ಮನೆಯ ನೀರಿನಿಂದ ಆರಂಭಿಸಿ, ಬಳಕೆಯ ಲೆಕ್ಕ ಹಾಕಿ, ಕಂಪನಿಯ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳಿ. ಮುಂದಿನ ಹಂತಗಳು ಆ ಕ್ರಮದಲ್ಲೇ ಇವೆ.

ಇದಕ್ಕೆ ಬೇಕಾಗುವುದು ಇಷ್ಟೇ: ಒಂದು ಬಾಟಲಿ ಮನೆಯ ನೀರು, ಒಂದು ವಿದ್ಯುತ್ ಬಿಲ್ಲು, ಓವರ್‌ಹೆಡ್ ಟ್ಯಾಂಕಿನ ಎತ್ತರದ ಅಂದಾಜು ಮತ್ತು ಗೀಸರ್ ಕೂರಿಸುವ ಗೋಡೆಯ ಅಳತೆ.

1. ಬದಲಿಸಲೇಬೇಕೇ ಎಂದು ಮೊದಲು ನೋಡಿ

ನೀರು ಬಿಸಿಯಾಗುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಗೀಸರ್ ಎಸೆಯಬೇಕಾಗಿಲ್ಲ. ನೀರನ್ನು ಕಾಯಿಸುವ ಕಾಯಿಲ್, ನಿಗದಿತ ಬಿಸಿಗೆ ವಿದ್ಯುತ್ ನಿಲ್ಲಿಸುವ ಥರ್ಮೋಸ್ಟಾಟ್ ಮತ್ತು ಅದು ಕೈಕೊಟ್ಟಾಗ ರಕ್ಷಣೆಗೆ ನಿಲ್ಲುವ ಕಟೌಟ್ ಮೂರೂ ಬಿಡಿಭಾಗಗಳಾಗಿ ಸಿಗುತ್ತವೆ, ಹೊಸ ಗೀಸರಿನ ಬೆಲೆಯ ಸಣ್ಣ ಪಾಲಿನಲ್ಲಿ ಬದಲಾಗುತ್ತವೆ. ಸ್ವಿಚ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ತಾನಾಗಿ ಬೀಳುವ ಸ್ವಿಚ್, ಬೀಳುತ್ತಿದ್ದರೆ ಹೆಚ್ಚಿನ ಸಲ ಕಾಯಿಲಿನ ಹೊರಕವಚ ಒಡೆದಿರುತ್ತದೆ. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನೇ ತಪ್ಪಿಸಿ ನೇರ ಸಂಪರ್ಕ ಕೊಡಿಸಿಕೊಳ್ಳುವವರಿದ್ದಾರೆ. ಒದ್ದೆ ನೆಲದ ಮೇಲೆ ನಿಂತು ಮುಟ್ಟುವ ಉಪಕರಣದ ವಿಷಯದಲ್ಲಿ ಇದಕ್ಕಿಂತ ಅಪಾಯಕಾರಿ ಕೆಲಸ ಬೇರೆ ಇಲ್ಲ.

ಒಳಟ್ಯಾಂಕ್ ಸೋರುತ್ತಿದ್ದರೆ ಮಾತ್ರ ರಿಪೇರಿಯ ಆಸೆ ಬಿಡಿ. ಗಾಜಿನ ಲೇಪನವಿರುವ ಟ್ಯಾಂಕಿಗೆ ವೆಲ್ಡಿಂಗ್ ಮಾಡಿದರೆ ಸುತ್ತಲಿನ ಲೇಪನ ಸಿಡಿದು, ಕೆಲವೇ ತಿಂಗಳಲ್ಲಿ ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ. ಆದರೆ ತೀರ್ಮಾನಕ್ಕೆ ಬರುವ ಮುನ್ನ ಸೋರಿಕೆ ಎಲ್ಲಿಂದ ಎಂದು ಒಣಬಟ್ಟೆಯಲ್ಲಿ ಒರೆಸಿ ನೋಡಿ. ತಣ್ಣೀರಿನ ಪೈಪಿನ ಬಳಿ ಇರುವ ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ಹನಿ ಬೀಳುವುದು ಸಹಜ. ನೀರು 22 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಸುಮಾರು ಶೇಕಡ ಒಂದೂವರೆಯಷ್ಟು ಹಿಗ್ಗುತ್ತದೆ. 25 ಲೀಟರಿನ ಟ್ಯಾಂಕಿನಲ್ಲಿ ಅದು 350 ಮಿಲಿಲೀಟರಿಗೂ ಹೆಚ್ಚು, ಆ ನೀರು ಎಲ್ಲಾದರೂ ಹೋಗಲೇಬೇಕು. ಈ ಹನಿಯನ್ನು ಕಂಡು ಟ್ಯಾಂಕ್ ಹೋಯಿತೆಂದು ಹೊಸದನ್ನು ಕೊಳ್ಳುವುದು, ಇಲ್ಲವೇ ವಾಲ್ವಿನ ಬಾಯಿಗೆ ಬಿರಡೆ ಹಾಕಿಸುವುದು, ಎರಡೂ ತಪ್ಪು. ಎರಡನೆಯದು ಟ್ಯಾಂಕನ್ನು ಸಿಡಿಸುವಷ್ಟು ಅಪಾಯಕಾರಿ.

2. ನೀರನ್ನು ಪರೀಕ್ಷಿಸಿ

ಗಡಸು ನೀರು ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಸೋಪಿಗೆ ನೊರೆ ಬಾರದಿರುವುದು, ಬೇಳೆ ಬೇಗ ಬೇಯದಿರುವುದು, ನಲ್ಲಿ ಮತ್ತು ಷವರಿನ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟುವುದು ಇದರ ಗುರುತುಗಳು. ಕಾಯಿಸಿದಾಗ ಈ ಲವಣಗಳ ಒಂದು ಪಾಲು ನೀರಿನಿಂದ ಬೇರ್ಪಟ್ಟು ಕಾಯಿಲಿನ ಮೇಲೂ ಟ್ಯಾಂಕಿನ ತಳದಲ್ಲೂ ಕೂರುತ್ತದೆ. ಪದರ ದಪ್ಪವಾದಂತೆ ಕಾಯಿಲಿನ ಶಾಖ ನೀರಿಗೆ ದಾಟದೆ ಕಾಯಿಲೇ ಅತಿಯಾಗಿ ಕಾದು ಒಡೆಯುತ್ತದೆ.

ಪ್ರಮಾಣವನ್ನು ಲೆಕ್ಕ ಹಾಕಿದರೆ ಇದರ ಗಾಂಭೀರ್ಯ ತಿಳಿಯುತ್ತದೆ. ನಿಮ್ಮ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ದು, ಗೀಸರಿನ ಮೂಲಕ ದಿನಕ್ಕೆ 50 ಲೀಟರ್ ಹಾದುಹೋದರೆ, ವರ್ಷಕ್ಕೆ ಒಂಬತ್ತು ಕೆಜಿಗೂ ಹೆಚ್ಚು ಲವಣ ಆ ಟ್ಯಾಂಕನ್ನು ದಾಟುತ್ತದೆ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಒಳಗೇ ಉಳಿದರೂ ಸುಮಾರು ಒಂದು ಕೆಜಿಯಾಯಿತು. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಿದ್ದಾಗ 600ರವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ಗೀಸರಿನ ಮಟ್ಟಿಗೆ 200 ದಾಟಿದ ಕೂಡಲೇ ಎಚ್ಚರ ವಹಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಬಹಳ ಜನ ಎಡವುವುದು ಟಿಡಿಎಸ್ ಮೀಟರನ್ನು ನಂಬಿ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತ. ಅದರಲ್ಲಿ ಗಡಸುತನ ಎಷ್ಟು, ಅಡುಗೆ ಉಪ್ಪಿನಂಥ ಕ್ಲೋರೈಡ್ ಎಷ್ಟು ಎಂದು ಆ ಪುಟ್ಟ ಮೀಟರ್ ಬಿಡಿಸಿ ಹೇಳುವುದಿಲ್ಲ. ನೀರಿಗೆ ಹನಿ ಹನಿಯಾಗಿ ದ್ರಾವಣ ಬೆರೆಸಿ ಬಣ್ಣ ಬದಲಾಗುವುದನ್ನು ನೋಡುವ ಗಡಸುತನದ ಕಿಟ್‌ಗಳು ಆನ್‌ಲೈನಿನಲ್ಲೂ ಅಕ್ವೇರಿಯಂ ಅಂಗಡಿಗಳಲ್ಲೂ ಸಿಗುತ್ತವೆ. ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೇ ಎಂದು ವಿಚಾರಿಸಬಹುದು. ಖಾಸಗಿ ಪ್ರಯೋಗಾಲಯಕ್ಕೆ ಕೊಡುವುದಾದರೆ ಗಡಸುತನ, ಕ್ಲೋರೈಡ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ) ಮೂರನ್ನೂ ಬರೆಸಿಕೊಳ್ಳಿ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರು ಮೃದುವಾಗಿದ್ದರೂ ಆಮ್ಲೀಯವಾಗಿರುವುದುಂಟು, ಸಮುದ್ರಕ್ಕೆ ತೀರ ಹತ್ತಿರದ ಬಾವಿಗಳಲ್ಲಿ ಉಪ್ಪು ಸೇರುವುದುಂಟು. ಇವೆರಡೂ ಲೋಹವನ್ನು ತಿನ್ನುತ್ತವೆ.

ವರ್ಷದ ಕೆಲವು ತಿಂಗಳು ಕಾವೇರಿ, ಉಳಿದ ತಿಂಗಳು ಬೋರ್ ಅಥವಾ ಟ್ಯಾಂಕರ್ ನೀರು ಬಳಸುವ ಮನೆಯವರು ಬೇಸಿಗೆಯ ನೀರನ್ನೇ ಪರೀಕ್ಷಿಸಬೇಕು. ಗೀಸರ್ ಕೆಡುವುದು ಆ ತಿಂಗಳುಗಳ ನೀರಿನಿಂದ.

3. ಯಾವ ಬಗೆಯದು ಎಂದು ತೀರ್ಮಾನಿಸಿ

ನೀರನ್ನು ಶೇಖರಿಸಿ ಕಾಯಿಸುವ ವಿದ್ಯುತ್ ಗೀಸರ್ ಹೆಚ್ಚಿನ ಮನೆಗಳಿಗೆ ಈಗಲೂ ಸರಳ ಆಯ್ಕೆ. ಹರಿಯುವಾಗಲೇ ಕಾಯಿಸುವ ಇನ್‌ಸ್ಟಂಟ್ ಗೀಸರ್ ಅಗ್ಗವಾಗಿ ಸಿಗುತ್ತದೆ. ಆದರೆ 3 ಕಿಲೋವ್ಯಾಟ್‌ನದು 22 ಡಿಗ್ರಿಯ ನೀರನ್ನು ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ಏರಿಸಿ ಕೊಡಬಲ್ಲದ್ದು ನಿಮಿಷಕ್ಕೆ 2.4 ಲೀಟರಿನಷ್ಟು ಮಾತ್ರ. ಹದಿನೆಂಟು ಲೀಟರಿನ ಬಕೆಟ್ ತುಂಬಲು ಏಳೂವರೆ ನಿಮಿಷ ಬೇಕು. ಮಡಿಕೇರಿಯ ಚಳಿಯಲ್ಲಿ ನೀರು 16 ಡಿಗ್ರಿಗೆ ಇಳಿದರೆ ಹತ್ತು ನಿಮಿಷವಾಗುತ್ತದೆ. ಅಡುಗೆಮನೆಯ ಸಿಂಕಿಗೆ, ಒಬ್ಬರೇ ಇರುವ ಕೋಣೆಗೆ ಇದು ಸಾಕು, ಷವರಿಗೆ ಸಾಲದು.

ಗ್ಯಾಸ್ ಗೀಸರ್ ಬೇಗ ಕಾಯಿಸುತ್ತದೆ, ಕರೆಂಟ್ ಹೋದರೂ ನಡೆಯುತ್ತದೆ. ಆದರೆ ಅದನ್ನು ಬಚ್ಚಲುಮನೆಯ ಒಳಗೆ ಕೂರಿಸಬಾರದು, ಯಾವ ಕಾರಣಕ್ಕೂ. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನ ಮಾಡುತ್ತಿರುವವರು ತಲೆ ಸುತ್ತುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತಾರೆ. ಇಂಥ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತಿದ್ದರೂ 'ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ' ಎಂದು ಒಳಗೇ ಕೂರಿಸುವ ಅಭ್ಯಾಸ ನಿಂತಿಲ್ಲ. ಬಯಲಿಗೆ ತೆರೆದ ಬಾಲ್ಕನಿ ಅಥವಾ ಹೊರಗೋಡೆ ಇಲ್ಲದಿದ್ದರೆ ಈ ಬಗೆಯನ್ನೇ ಬಿಟ್ಟುಬಿಡಿ.

ಸ್ವಂತ ತಾರಸಿ ಇರುವವರು ಸೋಲಾರ್ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಇದರಲ್ಲಿ ಎರಡು ಬಗೆ. ತಾಮ್ರದ ಸಣ್ಣ ಕೊಳವೆಗಳ ಮೇಲೆ ಗಾಜು ಮುಚ್ಚಿದ ಚಪ್ಪಟೆ ಫಲಕದ್ದು ಎಫ್‌ಪಿಸಿ. ಗಾಳಿ ತೆಗೆದ ಜೋಡಿಪದರದ ಗಾಜಿನ ಕೊಳವೆಗಳದ್ದು ಇಟಿಸಿ. ಗಡಸು ನೀರಿನಲ್ಲಿ ಎಫ್‌ಪಿಸಿಯ ಸಣ್ಣ ಕೊಳವೆಗಳು ಒಳಗಿನಿಂದ ಕಟ್ಟಿಕೊಳ್ಳುತ್ತವೆ. ಇಟಿಸಿಯಲ್ಲಿ ಕೆಸರು ಕೊಳವೆಯ ತಳದಲ್ಲಿ ಕೂರುವುದರಿಂದ ಒಂದೊಂದಾಗಿ ತೆಗೆದು ತೊಳೆಯಬಹುದು, ಒಡೆದದ್ದನ್ನು ಮಾತ್ರ ಬದಲಿಸಬಹುದು; ಮಂಗಗಳ ಕಾಟವಿರುವ ಊರಿನಲ್ಲಿ ಗಾಜು ಒಡೆಯುವ ಖರ್ಚನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಸೋಲಾರ್ ಒಂದನ್ನೇ ನೆಚ್ಚುವಂತಿಲ್ಲ. ಒಲೆ ಮತ್ತು ತಾಮ್ರದ ಹಂಡೆ ಇನ್ನೂ ಬಳಕೆಯಲ್ಲಿರುವ ಮನೆಯವರು, ಅಡಿಕೆ ಸಿಪ್ಪೆ ಅಂಗಳದಲ್ಲೇ ಬಿದ್ದಿರುವಾಗ, ಅದನ್ನು ಕಿತ್ತುಹಾಕಲು ಅವಸರಪಡಬೇಕಾಗಿಲ್ಲ.

ಸೋಲಾರಿನಲ್ಲಿ ಯಾರೂ ಮೊದಲೇ ಹೇಳದ ಒಂದು ಖರ್ಚಿದೆ. ಬಿಸಿಲಿಲ್ಲದ ದಿನಕ್ಕೆಂದು ತಾರಸಿಯ ಟ್ಯಾಂಕಿನೊಳಗೇ ವಿದ್ಯುತ್ ಕಾಯಿಲ್ ಹಾಕಿಸುತ್ತಾರೆ. 200 ಲೀಟರಿನ ಆ ಟ್ಯಾಂಕನ್ನು 22ರಿಂದ 60 ಡಿಗ್ರಿಗೆ ಏರಿಸಲು ಸುಮಾರು 9 ಯೂನಿಟ್ ಬೇಕು. ನಿಮಗೆ ಬೇಕಿದ್ದದ್ದು ಎರಡು ಬಕೆಟ್ ಇದ್ದರೂ ಇಡೀ ಟ್ಯಾಂಕ್ ಕಾಯುತ್ತದೆ. ಅದರ ಬದಲು ಬಚ್ಚಲಲ್ಲಿ 10 ಅಥವಾ 15 ಲೀಟರಿನ ಸಣ್ಣ ಗೀಸರ್ ಇಟ್ಟು, ಸೋಲಾರ್ ತಣ್ಣಗಿದ್ದ ದಿನ ಮಾತ್ರ ಅದನ್ನು ಬಳಸುವುದು ಮಿತವ್ಯಯ. ಸೋಲಾರ್ ನೀರನ್ನೇ ನೇರವಾಗಿ ಗೀಸರಿಗೆ ಹಾಯಿಸುವುದಾದರೆ, ಅಷ್ಟು ಬಿಸಿನೀರನ್ನು ಒಳಕ್ಕೆ ತೆಗೆದುಕೊಳ್ಳಲು ಆ ಮಾದರಿಗೆ ಅನುಮತಿ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹೀಟ್ ಪಂಪ್ ಎಂಬುದು ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ದಾಟಿಸುವ ಯಂತ್ರ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಬೆಲೆ ಹೆಚ್ಚು, ಜಾಗ ಬೇಕು, ಸದ್ದೂ ಇದೆ. ತಾರಸಿಯ ಹಕ್ಕಿಲ್ಲದ, ಬಿಸಿನೀರಿನ ಬಳಕೆ ದೊಡ್ಡದಿರುವ ಮನೆ ಅಥವಾ ಪಿ.ಜಿ.ಗಳಿಗೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಈ ಹಂತದಲ್ಲಿ ವಿದ್ಯುತ್ ಬಿಲ್ಲನ್ನು ತೆಗೆದು ನೋಡಿ. ನಾಲ್ಕು ಜನ ದಿನಕ್ಕೊಂದು ಬಕೆಟ್ ಬಿಸಿನೀರು ಬಳಸಿದರೆ ಒಟ್ಟು ಒಂದೂವರೆ ಯೂನಿಟ್, ತಿಂಗಳಿಗೆ 45 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಯ ಬಳಕೆ ಚಳಿಗಾಲದಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ನಿಮ್ಮ ಬಳಕೆ ಈಗಾಗಲೇ 160, 170ರ ಆಸುಪಾಸಿನಲ್ಲಿದ್ದರೆ ಈ ಆಯ್ಕೆಯ ಫಲ ಬಿಲ್ಲಿನಲ್ಲಿ ನೇರವಾಗಿ ಕಾಣುತ್ತದೆ.

4. ಗಾತ್ರ ಗೊತ್ತುಮಾಡಿ

60 ಡಿಗ್ರಿಗೆ ಕಾದ 15 ಲೀಟರ್ ನೀರಿಗೆ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಹದವಾದ ಸುಮಾರು 31 ಲೀಟರ್ ಸಿಗುತ್ತದೆ. 25 ಲೀಟರಿನದರಿಂದ ಸುಮಾರು 52 ಲೀಟರ್. ಎಂದರೆ ಬಕೆಟ್ ಸ್ನಾನದ ಇಬ್ಬರಿಗೆ 15 ಲೀಟರ್ ಸಾಲುತ್ತದೆ, ಮತ್ತೆ ತುಂಬಿದ ನೀರು 2 ಕಿಲೋವ್ಯಾಟ್ ಕಾಯಿಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಕಾಯುತ್ತದೆ. ಷವರ್ ಬಳಸುವವರಿಗೆ ಅಥವಾ ಶಾಲೆ, ಆಫೀಸಿನ ಅವಸರದಲ್ಲಿ ಒಬ್ಬರ ಹಿಂದೊಬ್ಬರು ಸ್ನಾನಕ್ಕಿಳಿಯುವ ನಾಲ್ವರ ಮನೆಗೆ 25 ಲೀಟರ್ ಬೇಕು. ನೀರು ತುಂಬುವ ಹಬ್ಬದ ಮರುದಿನ ನೆಂಟರೆಲ್ಲ ಸೇರಿ ಎಣ್ಣೆಸ್ನಾನ ಮಾಡುವುದನ್ನು ನೆನೆದು 50 ಲೀಟರಿನದನ್ನು ಕೊಳ್ಳಬೇಡಿ. ಆ ಒಂದು ದಿನಕ್ಕಾಗಿ ವರ್ಷವಿಡೀ ಬೇಡದ ನೀರನ್ನು ಕಾಯಿಸಿದಂತಾಗುತ್ತದೆ.

5. ಟ್ಯಾಂಕ್, ಕಾಯಿಲ್, ಆನೋಡ್: ಬಾಳಿಕೆಯನ್ನು ನಿರ್ಧರಿಸುವ ಮೂರು ಭಾಗಗಳು

ಅಂಗಡಿಯಲ್ಲಿ ಡಿಜಿಟಲ್ ಪರದೆ, ವೈಫೈ, ಬಣ್ಣ ಬದಲಿಸುವ ದೀಪಗಳ ವಿವರಣೆ ಧಾರಾಳವಾಗಿ ಸಿಗುತ್ತದೆ. ನೀವು ಕೇಳಬೇಕಾದದ್ದು ಒಳಗೆ ಏನಿದೆ ಎಂದು.

ಒಳಟ್ಯಾಂಕ್ ಸಾಮಾನ್ಯವಾಗಿ ಎರಡು ಬಗೆಯದು. ಸ್ಟೇನ್‌ಲೆಸ್ ಸ್ಟೀಲಿನದು ಮೃದು ನೀರಿನಲ್ಲಿ ಚೆನ್ನಾಗಿ ಬಾಳುತ್ತದೆ, ಆದರೆ ಕ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. 304 ಎಂಬ ದರ್ಜೆಗಿಂತ 316 ದರ್ಜೆ ಇದನ್ನು ಹೆಚ್ಚು ತಡೆದುಕೊಳ್ಳುತ್ತದೆ. ಬರೀ 'ಎಸ್ಎಸ್ ಟ್ಯಾಂಕ್' ಎಂದು ಬರೆದಿದ್ದರೆ ದರ್ಜೆ ಯಾವುದೆಂದು ಕೇಳಿ. ಎರಡನೆಯದು ಉಕ್ಕಿನ ಟ್ಯಾಂಕಿನ ಒಳಮೈಗೆ ಗಾಜಿನ ಪುಡಿಯನ್ನು ಭಾರಿ ಶಾಖದಲ್ಲಿ ಕರಗಿಸಿ ಅಂಟಿಸಿದ ಗ್ಲಾಸ್‌ಲೈನ್ಡ್ ಟ್ಯಾಂಕ್. ಗಡಸು ನೀರಿಗೂ ಉಪ್ಪು ನೀರಿಗೂ ನಾನು ಇದನ್ನೇ ಸೂಚಿಸುತ್ತೇನೆ, ಒಂದು ಷರತ್ತಿನ ಮೇಲೆ: ಇದರ ಲೇಪನ ಪೆಟ್ಟು ತಿಂದರೆ ಒಳಗೆ ಬಿರುಕು ಬಿಡುತ್ತದೆ. ಸಾಗಣೆಯಲ್ಲಿ ನಜ್ಜಾದ, ಮೂಲೆ ಒಳಕ್ಕೆ ಹೋದ ಪೆಟ್ಟಿಗೆಯನ್ನು ರಿಯಾಯಿತಿ ಕೊಟ್ಟರೂ ಒಪ್ಪಿಕೊಳ್ಳಬೇಡಿ.

ಗ್ಲಾಸ್‌ಲೈನ್ಡ್ ಟ್ಯಾಂಕಿನ ಲೇಪನದಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ಇದ್ದೇ ಇರುತ್ತವೆ. ಅಲ್ಲಿ ಉಕ್ಕು ತುಕ್ಕು ಹಿಡಿಯದಂತೆ ಕಾಯುವುದು ಆನೋಡ್ ಎಂಬ ಮೆಗ್ನೀಸಿಯಂ ಸರಳು. ಮೆಗ್ನೀಸಿಯಂ ಉಕ್ಕಿಗಿಂತ ಸುಲಭವಾಗಿ ಕರಗುವ ಲೋಹವಾದ್ದರಿಂದ ಸವೆತವನ್ನು ತಾನು ತೆಗೆದುಕೊಂಡು ಟ್ಯಾಂಕನ್ನು ಉಳಿಸುತ್ತದೆ. ಅದು ಪೂರ್ತಿ ಕರಗಿದ ಮೇಲೆ ಸರದಿ ಟ್ಯಾಂಕಿನದು. ಗೀಸರ್ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಈ ಸರಳಿನಲ್ಲಿದೆ. ಹಾಗಿದ್ದೂ ಕೊಳ್ಳುವವರಲ್ಲಿ ಹೆಚ್ಚಿನವರು ಇದರ ಹೆಸರನ್ನೇ ಕೇಳಿರುವುದಿಲ್ಲ. ಕೊಳ್ಳುವಾಗಲೇ ಮೂರು ವಿಷಯ ಕೇಳಿ: ಆನೋಡ್ ಎಷ್ಟು ದಪ್ಪವಿದೆ, ನಿಮ್ಮ ನೀರಿಗೆ ಹೊಂದುವ ಬಗೆ ಇದೆಯೇ, ಬಿಡಿಭಾಗವಾಗಿ ನಿಮ್ಮ ಊರಿನ ಸರ್ವೀಸ್ ಕೇಂದ್ರದಲ್ಲಿ ಸಿಗುತ್ತದೆಯೇ. ಮನೆಗೆ ಸಾಫ್ಟ್‌ನರ್, ಅಂದರೆ ನೀರಿನ ಗಡಸುತನ ತೆಗೆಯುವ ಯಂತ್ರ, ಹಾಕಿಸಿದವರಿಗೂ ಇದು ಅನ್ವಯಿಸುತ್ತದೆ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಕಾಯಿಲಿನ ಮೇಲೆ ಪದರ ಕಟ್ಟುವುದು ನಿಲ್ಲುತ್ತದೆ, ಆನೋಡ್ ಮಾತ್ರ ಇನ್ನೂ ಬೇಗ ಸವೆಯುತ್ತದೆ.

ಕಾಯಿಲಿನ ಹೊರಕವಚ ತಾಮ್ರದ್ದಾದರೆ ಮೃದು ನೀರಿಗೆ ಸಾಕು. ಗಡಸು ನೀರಿಗೆ ಇನ್‌ಕೊಲಾಯ್ ಎಂಬ ನಿಕ್ಕಲ್ ಮಿಶ್ರಲೋಹದ್ದು ಅಥವಾ ಗಾಜಿನ ಲೇಪನದ್ದು ಮೇಲು. ಗಾಜಿನ ನುಣುಪಿಗೆ ಸುಣ್ಣದ ಪದರ ಗಟ್ಟಿಯಾಗಿ ಅಂಟುವುದಿಲ್ಲ.

ವಾರಂಟಿ ಪತ್ರವನ್ನು ಅಂಗಡಿಯಲ್ಲೇ ಓದಿ. ದೊಡ್ಡ ಅಕ್ಷರದಲ್ಲಿ ಕಾಣುವ ವರ್ಷಗಳು ಸಾಮಾನ್ಯವಾಗಿ ಒಳಟ್ಯಾಂಕಿಗೆ ಮಾತ್ರ; ಕಾಯಿಲಿಗೆ ಅದಕ್ಕಿಂತ ಕಡಿಮೆ, ಉಳಿದ ಭಾಗಗಳಿಗೆ ಇನ್ನೂ ಕಡಿಮೆ. ಆನೋಡ್ ಬದಲಿಸದಿದ್ದರೆ, ಸೇಫ್ಟಿ ವಾಲ್ವ್ ಹಾಕದಿದ್ದರೆ, ನೀರಿನ ಗಡಸುತನ ಮಿತಿ ಮೀರಿದ್ದರೆ ವಾರಂಟಿ ಇಲ್ಲ ಎಂಬ ಸಾಲುಗಳು ಕೆಳಗೆ ಸಣ್ಣಕ್ಷರದಲ್ಲಿರುತ್ತವೆ.

6. ಸ್ಟಾರ್ ಮತ್ತು ಒತ್ತಡದ ಅಂಕಿಗಳನ್ನು ಸರಿಯಾಗಿ ಓದಿ

ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಕೊಡುವ ನಕ್ಷತ್ರಗಳು ಶೇಖರಣಾ ಗೀಸರಿನ ವಿಷಯದಲ್ಲಿ ಅಳೆಯುವುದು ಒಂದನ್ನೇ: ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನಿರುವಾಗ 24 ಗಂಟೆಯಲ್ಲಿ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ಇದನ್ನು ಸ್ಟ್ಯಾಂಡಿಂಗ್ ಲಾಸ್ ಎನ್ನುತ್ತಾರೆ. ನೀರನ್ನು ಕಾಯಿಸಲು ಬೇಕಾದ ವಿದ್ಯುತ್ ಎಲ್ಲ ವಿದ್ಯುತ್ ಗೀಸರಿನಲ್ಲೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ದಿನವಿಡೀ ಸ್ವಿಚ್ ಹಾಕಿಯೇ ಇಡುವ ಮನೆಗೆ 5 ಸ್ಟಾರ್ ನಿಜವಾಗಿ ಉಳಿತಾಯ ಕೊಡುತ್ತದೆ; ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಮುಗಿದ ಕೂಡಲೇ ಆರಿಸುವವರಿಗೆ ನಕ್ಷತ್ರಗಳ ವ್ಯತ್ಯಾಸದಿಂದ ಆಗುವ ಲಾಭ ಅಲ್ಪ. ಲೇಬಲ್ಲಿನಲ್ಲಿ ಈ ನಷ್ಟ 0.5 ಎಂದಿದ್ದರೆ, ಸದಾ ಹಾಕಿಟ್ಟಾಗ ತಿಂಗಳಿಗೆ ಸುಮಾರು 15 ಯೂನಿಟ್ ಎಂದು ಲೆಕ್ಕ ಹಿಡಿಯಿರಿ. ಎರಡು ಮಾದರಿಗಳ ನಡುವಿನ ಬೆಲೆಯ ಅಂತರವನ್ನು ಈ ಅಂಕಿಯ ಜೊತೆ ಇಟ್ಟು ತೂಗಿ.

ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ನೀರಿನ ಟ್ಯಾಂಕ್ ಗೀಸರಿಗಿಂತ ಪ್ರತಿ 10 ಮೀಟರ್ ಎತ್ತರದಲ್ಲಿದ್ದಂತೆ ಸುಮಾರು 1 ಬಾರ್ ಒತ್ತಡ ಸೇರುತ್ತದೆ. ಬಹುಮಹಡಿ ಕಟ್ಟಡದ ಕೆಳ ಮಹಡಿಗಳಲ್ಲಿ ಅಥವಾ ಪ್ರೆಷರ್ ಪಂಪ್ ಹಾಕಿಸಿರುವ ಮನೆಯಲ್ಲಿ 8 ಬಾರ್ ಎಂದು ಬರೆದಿರುವ ಮಾದರಿಯನ್ನೇ ಆರಿಸಿ. ಒಂದೇ ಅಂತಸ್ತಿನ ಮನೆಯಲ್ಲಿ ತೊಂದರೆ ಇದಕ್ಕೆ ವಿರುದ್ಧ: ಟ್ಯಾಂಕ್ ಎರಡು ಮೀಟರ್ ಮೇಲಿದ್ದರೆ ಒತ್ತಡ 0.2 ಬಾರ್ ಅಷ್ಟೇ, ಅಷ್ಟಕ್ಕೆ ಕೆಲವು ಗ್ಯಾಸ್ ಗೀಸರುಗಳು ಹೊತ್ತಿಕೊಳ್ಳುವುದೇ ಇಲ್ಲ.

7. ವೈರಿಂಗ್ ಮತ್ತು ಗೋಡೆ ಸಿದ್ಧಪಡಿಸಿ

2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3 ಕಿಲೋವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ಬೋರ್ಡಿನಿಂದ ನೇರವಾಗಿ ಬಂದ ಪ್ರತ್ಯೇಕ ತಾಮ್ರದ ವೈರು (ಕನಿಷ್ಠ 2.5 ಚದರ ಮಿಲಿಮೀಟರ್, 3 ಕಿಲೋವ್ಯಾಟಿಗೆ 4), 16 ಆಂಪಿಯರಿನ ಸಾಕೆಟ್, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ವಾಷಿಂಗ್ ಮೆಷಿನ್ನಿನ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಸಿಕ್ಕಿಸುವುದು ಬೇಡ.

ನೀರು ತುಂಬಿದ 25 ಲೀಟರಿನ ಗೀಸರ್ 35 ಕೆಜಿ ಮೀರುತ್ತದೆ. ಈಚಿನ ಅಪಾರ್ಟ್‌ಮೆಂಟುಗಳ ಹಗುರ ಬ್ಲಾಕ್ ಗೋಡೆಗೆ ಮಾಮೂಲಿ ಮೊಳೆ, ಬುಷ್ಷು ನಿಲ್ಲುವುದಿಲ್ಲ. ಅದಕ್ಕೆಂದೇ ಇರುವ ಆಂಕರ್ ಅಥವಾ ಗೋಡೆಯ ಆಚೆಗೆ ತೂರುವ ಬೋಲ್ಟ್ ಬೇಕು.

8. ಕೂರಿಸುವಾಗ ಎದುರಿಗೇ ನಿಲ್ಲಿ

ಆನೋಡ್ ಮತ್ತು ಕಾಯಿಲನ್ನು ಹೊರಗೆಳೆಯಲು ಗೀಸರಿನ ಕೆಳಗೆ ಜಾಗ ಬಿಡಿಸಿ. ಫಾಲ್ಸ್ ಸೀಲಿಂಗಿನ ಮೇಲೆ ಬಚ್ಚಿಟ್ಟ ಗೀಸರ್ ನೋಡಲು ಚೆಂದ, ಆದರೆ ಅದಕ್ಕೆ ಸರ್ವೀಸ್ ಎಂಬುದು ಎಂದೂ ಆಗುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಸೇಫ್ಟಿ ವಾಲ್ವನ್ನೇ ತಣ್ಣೀರಿನ ಬಾಯಿಗೆ ಹಾಕಿಸಿ, ಅದರ ಹನಿ ನೆಲದ ಜಾಲರಿಗೆ ಹೋಗುವಂತೆ ಸಣ್ಣ ಪೈಪ್ ಇಳಿಸಿ. ಬಿಸಿನೀರಿಗೆ ಸಿಪಿವಿಸಿ ಪೈಪನ್ನೇ ಬಳಸಬೇಕು; ತಣ್ಣೀರಿನ ಪಿವಿಸಿ ಪೈಪ್ ಆ ಶಾಖಕ್ಕೆ ಮೆತ್ತಗಾಗಿ ಕೀಲು ಬಿಡುತ್ತದೆ. ಮುಕ್ಕಾಲು ಇಂಚಿನ ಪೈಪ್ ಪ್ರತಿ ಮೀಟರಿಗೆ ಕಾಲು ಲೀಟರಿನಷ್ಟು ನೀರು ಹಿಡಿಯುತ್ತದೆ. ಗೀಸರ್ ನಲ್ಲಿಗೆ ದೂರವಾದಷ್ಟೂ ಪ್ರತಿ ಸಲ ಅಷ್ಟು ತಣ್ಣೀರು ಮೊದಲು ಹರಿದುಹೋಗುತ್ತದೆ, ಅಷ್ಟೇ ಬಿಸಿನೀರು ಪೈಪಿನಲ್ಲುಳಿದು ತಣ್ಣಗಾಗುತ್ತದೆ.

ಬಿಸಿನೀರಿನ ನಲ್ಲಿ ತೆರೆದು, ಗಾಳಿಯ ಬುಳುಬುಳು ಶಬ್ದ ನಿಂತು ನೀರು ಒಂದೇ ಸಮನೆ ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಓವರ್‌ಹೆಡ್ ಟ್ಯಾಂಕ್ ತೊಳೆಸಿದ ದಿನವೂ ಈ ಎಚ್ಚರ ಬೇಕು.

9. ಮೊದಲ ವರ್ಷದ ನಿರ್ವಹಣೆ

ಥರ್ಮೋಸ್ಟಾಟನ್ನು 55ರಿಂದ 60 ಡಿಗ್ರಿಯ ನಡುವೆ ಇಡಿ. ಅದಕ್ಕೂ ಮೇಲೆ ಹೋದಷ್ಟು ಸುಣ್ಣ ಬೇಗ ಕಟ್ಟುತ್ತದೆ, ಮಕ್ಕಳ ಕೈ ಸುಡುವ ಭಯವೂ ಇದೆ; ತೀರ ಕೆಳಗಿಟ್ಟು ಉಗುರುಬೆಚ್ಚಗಿನ ನೀರನ್ನು ದಿನಗಟ್ಟಲೆ ಟ್ಯಾಂಕಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಬೆಳೆಯಬಹುದು.

ಕೊಂಡ ದಿನಾಂಕವನ್ನು ಗೀಸರಿನ ತಳದಲ್ಲಿ ಮಾರ್ಕರಿನಿಂದ ಬರೆದಿಡಿ. ಬೋರ್ ನೀರಿನ ಮನೆಯವರು ಒಂದು ವರ್ಷ ತುಂಬಿದ ಕೂಡಲೇ, ಮೃದು ನೀರಿನವರು ಎರಡು ವರ್ಷಕ್ಕೆ, ವಿದ್ಯುತ್ ಆರಿಸಿ ನೀರು ಇಳಿಸಿ ಆನೋಡನ್ನು ತೆಗೆಸಿ ನೋಡಬೇಕು. ಸರಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅಥವಾ ನಡುವಿನ ಉಕ್ಕಿನ ತಂತಿ ಹೊರಗೆ ಕಾಣುತ್ತಿದ್ದರೆ ಹೊಸದನ್ನು ಹಾಕಿಸಿ. ಅದೇ ಕೆಲಸದಲ್ಲಿ ಟ್ಯಾಂಕಿನ ತಳದ ಬಿಳಿ ಕೆಸರನ್ನೂ ತೊಳೆಸಿ. ಸರ್ವೀಸಿಗೆ ಬಂದವರು 'ಎಲ್ಲ ಸರಿಯಾಗಿದೆ, ಬಿಚ್ಚುವುದು ಬೇಡ' ಎಂದರೆ ಒಪ್ಪದೆ ಹಳೆಯ ಸರಳನ್ನು ಕೈಗೆ ಕೊಡಲು ಹೇಳಿ. ಈ ಮೊದಲ ತಪಾಸಣೆಯಲ್ಲಿ ಅದು ಎಷ್ಟು ಸವೆದಿದೆ ಎಂಬುದರ ಮೇಲೆ ಮುಂದಿನದನ್ನು ಆರು ತಿಂಗಳಿಗೋ ಎರಡು ವರ್ಷಕ್ಕೋ ಗೊತ್ತುಮಾಡಿಕೊಳ್ಳಬಹುದು.